ನಿಮ್ಮೂರಿನ ಇಂಟರ್ನೆಟ್ ಫೋನ್ ಪೆಟ್ಟಿಗೆಯ ಕೀಲಿ ಯಾರ ಕೈಲಿದೆ?

"ಸರ, ಫೋನ್ ಹತ್ತವಲ್ದ್ರಿ."

ಮುದ್ದೇಬಿಹಾಳದಿಂದ ಈ ಮಾತು ಬಂತು ಅಂದ್ರೆ ಮೊದಲೆಲ್ಲ ನಾನು ವಿಜಯಪುರದಲ್ಲಿ ಬಸ್ ಹತ್ತುತ್ತಿದ್ದೆ. ಹೋಗಿ ನೋಡಿದರೆ ಯಾರೋ ಮೊಬೈಲ್ ಚಾರ್ಜಿಗೆ ಹಾಕೋಕೆ ರೂಟರ್‌ ಪ್ಲಗ್ ಕಿತ್ತಿರುತ್ತಿದ್ದರು. ಅಷ್ಟಕ್ಕೇ ಇಡೀ ದಿನ ಹಾಳು.

ನಾನು ನೋಡಿಕೊಳ್ಳುವ ಸಣ್ಣ ಸಂಸ್ಥೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯಲ್ಲಿ ಒಂದೊಂದು ಶಾಖೆ ಇದೆ. ನಾಲ್ಕೂ ಕಡೆ ಇಂಟರ್ನೆಟ್ ಮೇಲೆ ನಡೆಯುವ ಒಳ-ಫೋನ್‌ಗಳು. ಈ ಪೆಟ್ಟಿಗೆಗಳನ್ನು ದೂರದಿಂದಲೇ ನೋಡುವ, ತಿದ್ದುವ ಸಾಫ್ಟ್‌ವೇರ್ ಹಾಕಿದ ಮೇಲೆ ಬಸ್ ಹತ್ತೋದು ಕಡಿಮೆಯಾಯ್ತು. ಆದರೆ ಹಾಕುವಾಗಲೇ ಒಂದು ವಿಷಯ ಅರ್ಥವಾಯ್ತು. ದೂರದಿಂದ ರಿಪೇರಿ ಮಾಡುವ ಬಾಗಿಲು ಯಾವುದೋ, ದೂರದಿಂದ ಕೆಡಿಸುವ ಬಾಗಿಲೂ ಅದೇ. ಹಾಗಾಗಿ ಅದರ ಕೀಲಿ ಯಾರ ಕೈಲಿದೆ ಅನ್ನೋದು ಬರೀ ತಾಂತ್ರಿಕ ಪ್ರಶ್ನೆ ಅಲ್ಲ.

2017ರ ಜುಲೈ ಪಾಠ

ಆ ತಿಂಗಳ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡ್ ಜಾಲಕ್ಕೆ ಕುತಂತ್ರಾಂಶ ನುಗ್ಗಿತು. ಸುಮಾರು 60 ಸಾವಿರ ಮೋಡೆಮ್‌ಗಳು ಕೆಲಸ ನಿಲ್ಲಿಸಿದವು. ಬಲಿಯಾದದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮೋಡೆಮ್‌ಗಳು. ಹೆಸರು 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಪಾಸ್‌ವರ್ಡ್ ಬದಲಿಸಿ ಎಂದು ಕಂಪನಿ ಗ್ರಾಹಕರಿಗೆ ಹೇಳಿತು. ಆದರೆ ಮೋಡೆಮ್ ಮನೆಗೆ ಬಂದ ದಿನ ಅದನ್ನು ಬದಲಿಸಬೇಕು ಅಂತ ಎಷ್ಟು ಜನರಿಗೆ ಗೊತ್ತಿತ್ತು?

ಇದಕ್ಕೂ ಮುಂಚೆ, 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಕೆಟ್ಟಿದ್ದವು. ದಾಳಿ ಬಂದದ್ದು 7547ನೇ ಪೋರ್ಟ್‌ಗೆ. ದೂರದ ನಿರ್ವಹಣೆಗೆಂದೇ ಇಟ್ಟಿರುವ ಬಾಗಿಲು ಅದು.

ಮೊದಲು ಎರಡು ಭಾಷೆ ತಿಳಿದುಕೊಳ್ಳಿ

ಇಂಟರ್ನೆಟ್ ಫೋನ್‌ನಲ್ಲಿ ಕರೆ ಹಚ್ಚುವ, ಮುಗಿಸುವ ಮಾತುಕತೆ 'ಸಿಪ್' ಎಂಬ ನಿಯಮದಲ್ಲಿ ನಡೆಯುತ್ತದೆ. ದನಿ 'ಆರ್‌ಟಿಪಿ'ಯಲ್ಲಿ ಹರಿಯುತ್ತದೆ. ಈ ಸಾಧನಗಳನ್ನು ನಿರ್ವಹಿಸುವ ಭಾಷೆಗಳು ಬೇರೆ. ಮುಖ್ಯವಾದವು ಎರಡು.

ಒಂದು, ಎಸ್‌ಎನ್‌ಎಂಪಿ. ಇದರಲ್ಲಿ ಸರ್ವರ್ ಕೇಳುತ್ತದೆ, ಸಾಧನ ಉತ್ತರ ಕೊಡುತ್ತದೆ: "ಬದುಕಿದ್ದೀಯಾ? ಎಷ್ಟು ಡೇಟಾ ಹೋಯ್ತು?" ಕೇಳೋದು ಯುಡಿಪಿ 161ರಲ್ಲಿ. ಸಾಧನ ತಾನಾಗಿಯೇ ಕೂಗಿ ಎಚ್ಚರಿಸೋದು 162ರಲ್ಲಿ.

ಇನ್ನೊಂದು, ಟಿಆರ್-069. 2004ರಲ್ಲಿ ಬಂದದ್ದು. ಇಲ್ಲಿ ಸಾಧನವೇ ಸರ್ವರ್‌ಗೆ ಕರೆ ಮಾಡಿ "ನಾನು ಇಂಥವನು, ಏನಾದರೂ ಹೇಳೋದಿದೆಯಾ?" ಅನ್ನುತ್ತದೆ. ಸಿಪ್ ಖಾತೆ ಬದಲಿಸೋದು, ಹೊಸ ಫರ್ಮ್‌ವೇರ್ ಹಾಕೋದು ಎಲ್ಲ ಇದರಿಂದ ಆಗುತ್ತದೆ.

ಹಾಕುವ ಕ್ರಮ

1. ಪಟ್ಟಿ. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಯಾವ ಶಾಖೆಯಲ್ಲಿ ಯಾವ ಪೆಟ್ಟಿಗೆ, ಮಾಡೆಲ್, ಫರ್ಮ್‌ವೇರ್ ಆವೃತ್ತಿ, ಪಾಸ್‌ವರ್ಡ್ ಯಾರ ಹತ್ತಿರ ಇದೆ, ಬರೆಯಿರಿ. ನಮ್ಮ ಸಿಂದಗಿ ಶಾಖೆಯ ಒಂದು ಅಡಾಪ್ಟರ್‌ನ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಹಾಕಿದವರು ಕೆಲಸ ಬಿಟ್ಟು ಹೋಗಿದ್ದರು.

2. ಯಂತ್ರ. ಇಪ್ಪತ್ತು-ಮೂವತ್ತು ಸಾಧನಗಳಿಗೆ 4 ಜಿಬಿ ಮೆಮೊರಿಯ ಹಳೆ ಕಂಪ್ಯೂಟರ್ ಸಾಕು. ಡೆಬಿಯನ್ ಅಥವಾ ಉಬುಂಟು ಹಾಕಿ. ಯುಪಿಎಸ್ ಬೇಕೇ ಬೇಕು, ಕರೆಂಟ್ ಹೋದಾಗಲೇ ಎಚ್ಚರಿಕೆ ಬೇಕಾಗೋದು. ಸಮಯ ತಾನಾಗಿ ಸರಿಹೋಗುವಂತೆ ಮಾಡಿ. ಗಡಿಯಾರ ತಪ್ಪಿದರೆ ಲಾಗ್‌ಗಳು ಒಂದಕ್ಕೊಂದು ತಾಳೆಯಾಗಲ್ಲ.

3. ಸುರಂಗ. ಶಾಖೆಗಳಿಂದ ಸರ್ವರ್‌ಗೆ ವೈರ್‌ಗಾರ್ಡ್ ವಿಪಿಎನ್ ಹಾಕಿ. ಸಾರ್ವಜನಿಕ ಐಪಿ ವಿಳಾಸ ಸರ್ವರ್ ಕಡೆ ಒಂದಿದ್ದರೆ ಸಾಕು. ಶಾಖೆಯ ರೂಟರ್‌ಗಳೇ ಒಳಗೆ ಬಂದು ಸೇರುತ್ತವೆ. ನಿರ್ವಹಣೆಯ ಮಾತೆಲ್ಲ ಈ ಸುರಂಗದೊಳಗೇ ಇರಬೇಕು.

4. ಸಾಫ್ಟ್‌ವೇರ್. ಎಸ್‌ಎನ್‌ಎಂಪಿಗೆ ಲಿಬ್ರೆಎನ್‌ಎಂಎಸ್. ಇದಕ್ಕೆ ಪಿಎಚ್‌ಪಿ, ಮರಿಯಾಡಿಬಿ, ಒಂದು ವೆಬ್ ಸರ್ವರ್ ಬೇಕು. ಟಿಆರ್-069ಕ್ಕೆ ಜೀನಿಎಸಿಎಸ್. ಇದಕ್ಕೆ ನೋಡ್ ಜೆಎಸ್, ಮೊಂಗೊಡಿಬಿ ಬೇಕು. ಎರಡೂ ಮುಕ್ತ ತಂತ್ರಾಂಶ, ಲೈಸೆನ್ಸ್ ಹಣವಿಲ್ಲ. ಜೀನಿಎಸಿಎಸ್ ಸಾಧನಗಳ ಜೊತೆ ಮಾತಾಡೋದು 7547ರಲ್ಲಿ, ಫರ್ಮ್‌ವೇರ್ ಕಳಿಸೋದು 7567ರಲ್ಲಿ, ನಮಗೆ ಪರದೆ ತೋರಿಸೋದು 3000ದಲ್ಲಿ. ಬೇರೆ ಪ್ರೋಗ್ರಾಂಗಳು ಆಜ್ಞೆ ಕೊಡುವ 7557ಕ್ಕೆ ಪಾಸ್‌ವರ್ಡೇ ಇಲ್ಲ. ಅದನ್ನು ಸರ್ವರ್‌ನ ಹೊರಗೆ ಬಿಡಲೇಬೇಡಿ. ಉಳಿದವೂ ಸುರಂಗ ದಾಟಿ ಬಯಲು ಇಂಟರ್ನೆಟ್‌ಗೆ ಹೋಗಬಾರದು.

5. ಸಾಧನ ಸೇರಿಸೋದು. ಪ್ರತಿ ಫೋನ್, ಅಡಾಪ್ಟರ್‌ನಲ್ಲಿ ಎಸಿಎಸ್ ಸರ್ವರ್‌ನ ವಿಳಾಸ, ಅದಕ್ಕೇ ಬೇರೆಯಾದ ಹೆಸರು-ಪಾಸ್‌ವರ್ಡ್ ಕೊಡಿ. ವರದಿ ಮಾಡುವ ಅಂತರ 300 ಸೆಕೆಂಡ್ ಇಡಿ. ಎಸ್‌ಎನ್‌ಎಂಪಿಯಲ್ಲಿ ಸಾಧ್ಯವಿದ್ದರೆ 3ನೇ ಆವೃತ್ತಿಯನ್ನೇ ಬಳಸಿ. ಹಳೆ ಆವೃತ್ತಿಯೇ ಗತಿ ಅಂದ್ರೆ 'ಪಬ್ಲಿಕ್' ಎಂಬ ಕಾರ್ಖಾನೆ ಪದವನ್ನು ಬದಲಿಸಿ. ಮೊದಲ ದಿನ ಒಂದೇ ಸಾಧನ ಸೇರಿಸಿ, ಒಂದು ವಾರ ನೋಡಿ, ಆಮೇಲೆ ಉಳಿದವು.

6. ಎಚ್ಚರಿಕೆ. ಸಾಧನ ಮೌನವಾದರೆ, ಸಿಪ್ ನೋಂದಣಿ ಬಿದ್ದರೆ, ಪ್ಯಾಕೆಟ್ ಕಳೆದುಹೋದರೆ ಮೊಬೈಲ್‌ಗೆ ಸಂದೇಶ ಬರಲಿ. ದನಿ ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟಲು 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಹಜ. ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಒಂದು ದಿಕ್ಕಿನಲ್ಲಿ ಸುಮಾರು 87 ಕಿಲೋಬಿಟ್ ಬೇಕು. ಅಂದರೆ ಹತ್ತು ಕರೆ ಒಟ್ಟಿಗೆ ನಡೆದರೂ 1 ಮೆಗಾಬಿಟ್ ತುಂಬಲ್ಲ. "ದನಿ ಕಡೀತೈತ್ರಿ" ಅಂದ ಕೂಡಲೇ ದೊಡ್ಡ ಪ್ಲಾನ್ ಕೊಳ್ಳಬೇಡಿ. ಮೊದಲು ಗ್ರಾಫ್ ನೋಡಿ.

7. ಹಸ್ತಾಂತರ. ಕೀಲಿ ಕನಿಷ್ಠ ಇಬ್ಬರ ಹತ್ತಿರ ಇರಲಿ. ಬ್ಯಾಕಪ್ ಬೇರೆ ಜಾಗದಲ್ಲಿರಲಿ. ಎಲ್ಲ ಹಂತಗಳನ್ನೂ ಕನ್ನಡದಲ್ಲಿ ಬರೆದಿಡಿ. ಯಾರು ಯಾರಿಗೆ ಯಾವಾಗ ಕರೆ ಮಾಡಿದರು ಅನ್ನೋದು ಜನರ ಖಾಸಗಿ ವಿಷಯ, ಅದನ್ನು ಎಲ್ಲರ ಪರದೆಗೂ ಬಿಡಬೇಡಿ.

ಕಾನೂನಿನ ಮಾತೂ ಒಂದಿದೆ. ಸಂಸ್ಥೆಯ ಒಳ-ಫೋನ್ ಬೇರೆ, ಹೊರಗಿನ ಇಂಟರ್ನೆಟ್ ಕರೆಗಳನ್ನು ಸಿಮ್‌ಗಳ ಮೂಲಕ ಊರ ಫೋನ್ ಜಾಲಕ್ಕೆ ಹಾಯಿಸೋದು ಬೇರೆ. ಎರಡನೆಯದು ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ.

ಇನ್ನು ಊರಿನ ಪೆಟ್ಟಿಗೆ

ಗ್ರಾಮೀಣ ಫೋನ್ ನಮಗೆ ಹೊಸದಲ್ಲ. ಸಿ-ಡಾಟ್ ಹಳ್ಳಿಗಳಿಗೆಂದು ಮಾಡಿದ 128 ಪೋರ್ಟ್‌ಗಳ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮದೇ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಎಸಿ ಇಲ್ಲದೆ, ನಮ್ಮ ಬಿಸಿಲು-ಧೂಳಿನಲ್ಲೂ ನಡೆಯಲಿ ಅಂತ ಮಾಡಿದ ಯಂತ್ರ ಅದು. ಆಗ ಯಂತ್ರವೂ ಊರಲ್ಲೇ, ಲೈನ್‌ಮನ್ನೂ ಊರಲ್ಲೇ. ಕೆಟ್ಟರೆ ಯಾರನ್ನು ಕೇಳಬೇಕು ಅಂತ ಎಲ್ಲರಿಗೂ ಗೊತ್ತಿತ್ತು.

ಈಗ ಭಾರತ್‌ನೆಟ್ ಫೈಬರ್ ಗ್ರಾಮ ಪಂಚಾಯತಿಗೆ ಬಂದಿದೆ. 2011ರಲ್ಲಿ ಬೇರೆ ಹೆಸರಲ್ಲಿ ಶುರುವಾದ ಈ ಯೋಜನೆಯ ಪರಿಷ್ಕೃತ ರೂಪಕ್ಕೆ ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ ಒಪ್ಪಿದ ಮೊತ್ತ ಸುಮಾರು 1.39 ಲಕ್ಷ ಕೋಟಿ ರೂಪಾಯಿ. ಪಂಚಾಯತಿ ಗೋಡೆಯ ಮೇಲಿನ ಪೆಟ್ಟಿಗೆ ಬದುಕಿದೆಯಾ ಸತ್ತಿದೆಯಾ ಅಂತ ನಾನು ಮೇಲೆ ಹೇಳಿದಂಥದ್ದೇ ಸಾಫ್ಟ್‌ವೇರ್ ನೋಡುತ್ತಿರುತ್ತದೆ. ಆದರೆ ಆ ಪರದೆ ಇರೋದು ಜಾಲ ನಡೆಸುವವರ ಕಚೇರಿಯಲ್ಲಿ. ಇ-ಸ್ವತ್ತಿನ ನಮೂನೆ 9, 11ಕ್ಕೆ ಅಂತ ಕೂಲಿ ಬಿಟ್ಟು ಬಂದ ಹೆಣ್ಣುಮಗಳಿಗೆ ಸಿಗೋದು ಒಂದೇ ಉತ್ತರ: "ನೆಟ್ ಇಲ್ರಿ, ನಾಳಿ ಬರ್ರಿ." ಅದು ನಿಜವೋ ನೆಪವೋ ಅಂತ ಅವರು ಹೇಗೆ ತಿಳಿಯಬೇಕು?

ತಿಳಿಯೋಕೆ ದಾರಿ ಇದೆ. ಈ ಸಾಫ್ಟ್‌ವೇರ್‌ಗಳ ಮೂಲ ಕೆಲಸವೇ ಗಂಟೆ-ನಿಮಿಷದ ಲೆಕ್ಕ ಇಡೋದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ: ನಮ್ಮ ಪಂಚಾಯತಿಯ ಸಂಪರ್ಕ ಕಳೆದ ಮೂರು ತಿಂಗಳಲ್ಲಿ ಎಷ್ಟು ಗಂಟೆ ಕಡಿತವಾಗಿತ್ತು? ದೂರು ದಾಖಲಾದದ್ದು ಯಾವಾಗ, ಸರಿಹೋದದ್ದು ಯಾವಾಗ? 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಿ.

ನಮ್ಮ ನಾಲ್ಕು ಶಾಖೆಯ ಪರದೆಯನ್ನು ನಾನು ಶಾಖೆಯವರಿಗೂ ತೆರೆದಿಟ್ಟಿದ್ದೇನೆ. ತಿದ್ದುವ ಅಧಿಕಾರ ಇಬ್ಬರಿಗೆ, ನೋಡುವ ಅಧಿಕಾರ ಎಲ್ಲರಿಗೂ. ಇತ್ತೀಚೆಗೆ ಬಸವನಬಾಗೇವಾಡಿಯಿಂದ ಕರೆ ಬಂತು: "ಸರ, ನಮ್ಮದು ಹಸಿರು ಐತಿ, ಇಂಡಿದು ಕೆಂಪಾಗೇತಿ ನೋಡ್ರಿ." ನನಗಿಂತ ಮೊದಲು ಅವರು ನೋಡಿದ್ದರು. ಪಂಚಾಯತಿಗಳ ಪರದೆಯೂ ಹೀಗೆ ತೆರೆಯಲಿ ಅಂತ ಕೇಳಬೇಕಾದವರು ನಾವೇ.