ಕೋಟಿ: ತಪ್ಪು ತಿದ್ದಲು ಹೋಗಿ ಆದ ತಪ್ಪು

ಅಂಗಡಿಯ ಗೋಡೆಯಲ್ಲಿ ತೂಗುವ ಕಾಮಧೇನುವಿನ ಕ್ಯಾಲೆಂಡರನ್ನು ನೋಡದವರು ಕಡಿಮೆ. ಕೊಂಬಿನಿಂದ ಬಾಲದವರೆಗೆ ಹಸುವಿನ ಮೈತುಂಬ ದೇವತೆಗಳು. ಎಷ್ಟು ಒತ್ತೊತ್ತಾಗಿ ಬರೆದರೂ ಚಿತ್ರಕಾರನಿಗೆ ಕೆಲವು ಡಜನ್ ದಾಟುವಷ್ಟರಲ್ಲಿ ಜಾಗ ಮುಗಿಯುತ್ತದೆ. ನಂಬಿಕೆಯ ಲೆಕ್ಕವೋ ಮೂವತ್ತಮೂರು ಕೋಟಿ. ಈ ಸಂಖ್ಯೆಯನ್ನು ಹಿಡಿದು ಗೇಲಿ ಮಾಡುವವರು ಹಿಂದೆಯೂ ಇದ್ದರು. ಈಗ ಅವರಿಗೆ ಕೊಡುವ ಉತ್ತರವೊಂದು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ: ಸಂಸ್ಕೃತದಲ್ಲಿ ‘ಕೋಟಿ’ ಎಂದರೆ ನೂರು ಲಕ್ಷವಲ್ಲ, ‘ಬಗೆ’, ಹಾಗಾಗಿ ದೇವತೆಗಳು 33 ಕೋಟಿಯಲ್ಲ, 33 ಬಗೆ.

ಉತ್ತರ ಅಚ್ಚುಕಟ್ಟಾಗಿದೆ. ಆದರೆ ಅರ್ಧ ಮಾತ್ರ ಸರಿ.

ಸರಿಯಾದ ಅರ್ಧ ‘33’. ಋಗ್ವೇದದ ಒಂದು ಮಂತ್ರ ದೇವತೆಗಳನ್ನು ಆಕಾಶದಲ್ಲಿ ಹನ್ನೊಂದು, ಭೂಮಿಯಲ್ಲಿ ಹನ್ನೊಂದು, ನೀರಿನಲ್ಲಿ ಹನ್ನೊಂದು ಎಂದು ಎಣಿಸುತ್ತದೆ. ಅದೇ ಋಗ್ವೇದದ ಇನ್ನೊಂದು ಮಂತ್ರದಲ್ಲಿ ಲೆಕ್ಕ 3339ಕ್ಕೆ ಏರುತ್ತದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ವಿದಗ್ಧ ಶಾಕಲ್ಯ ಯಾಜ್ಞವಲ್ಕ್ಯನನ್ನು ಇದೇ ಪ್ರಶ್ನೆ ಕೇಳುತ್ತಾನೆ: ದೇವತೆಗಳು ಎಷ್ಟು ಮಂದಿ? ಮೊದಲ ಉತ್ತರ 3306. ‘ಸರಿ, ನಿಜವಾಗಿ ಎಷ್ಟು?’ ಎಂದು ಶಾಕಲ್ಯ ಬಿಡದೆ ಕೇಳಿದಂತೆಲ್ಲ ಸಂಖ್ಯೆ ಇಳಿಯುತ್ತ ಹೋಗುತ್ತದೆ: 33, ಆರು, ಮೂರು, ಎರಡು, ಒಂದೂವರೆ, ಒಂದು. ಮೂವತ್ತಮೂರು ಯಾರು ಯಾರು ಎಂಬ ಪಟ್ಟಿಯೂ ಅಲ್ಲೇ ಇದೆ: ಎಂಟು ವಸುಗಳು, ಹನ್ನೊಂದು ರುದ್ರರು, ಹನ್ನೆರಡು ಆದಿತ್ಯರು, ಇಂದ್ರ, ಪ್ರಜಾಪತಿ. ವಾಲ್ಮೀಕಿ ರಾಮಾಯಣದಲ್ಲಿ ಕೊನೆಯ ಇಬ್ಬರ ಜಾಗಕ್ಕೆ ಅಶ್ವಿನೀ ದೇವತೆಗಳು ಬರುತ್ತಾರೆ.

ಈ ಪಟ್ಟಿಯನ್ನು ಬೆರಳು ಮಡಚಿ ಎಣಿಸಿದರೆ ‘33 ಬಗೆ’ ನಿಲ್ಲುವುದಿಲ್ಲ. ವಸು, ರುದ್ರ, ಆದಿತ್ಯ, ಇಂದ್ರ, ಪ್ರಜಾಪತಿ ಎಂದು ಬಗೆಗಳಾಗುವುದು ಐದೇ. ಮೂವತ್ತಮೂರು ಎನ್ನುವುದು ತಲೆಯ ಲೆಕ್ಕ. ಉಪನಿಷತ್ತಿನಲ್ಲಿ ಅದರ ಪಕ್ಕದಲ್ಲಿ ‘ಕೋಟಿ’ ಎಂಬ ಮಾತೇ ಇಲ್ಲ. ಇಲ್ಲದ ಮಾತಿಗೆ ಹೊಸ ಅರ್ಥ ಹುಡುಕುವ ಪ್ರಮೇಯವೂ ಇಲ್ಲ.

ವೇದಕ್ಕೆ ದೊಡ್ಡ ಸಂಖ್ಯೆ ಗೊತ್ತಿರಲಿಲ್ಲ ಎಂದೇನಲ್ಲ. ಯಜುರ್ವೇದದ ಪಟ್ಟಿ ಏಕ, ದಶ, ಶತದಿಂದ ಹೊರಟು ಪರಾರ್ಧದವರೆಗೆ ಹೋಗುತ್ತದೆ. ಅದರಲ್ಲಿ ನೂರು ಲಕ್ಷದ ಸ್ಥಾನದಲ್ಲಿ ಕೂತಿರುವ ಹೆಸರು ‘ಅರ್ಬುದ’. ಕ್ರಿ.ಶ. 499ರ ಆರ್ಯಭಟೀಯಕ್ಕೆ ಬಂದರೆ ಆ ಸ್ಥಾನದಲ್ಲಿ ‘ಕೋಟಿ’ ಇದೆ, ಅರ್ಬುದ ಒಂದು ಮೆಟ್ಟಿಲು ಮೇಲೆ ಹೋಗಿದೆ.

ಅಂಕಿಯಲ್ಲದ ಕೋಟಿ ಎಂದರೆ ತುದಿ, ಅಂಚು, ಮೂಲೆ. ಅದರಲ್ಲೂ ಬಿಲ್ಲಿನ ತುದಿ. ರಾಮೇಶ್ವರ ದ್ವೀಪದ ಕೊನೆಯ ಊರು ಧನುಷ್ಕೋಟಿ. ವಿಭೀಷಣನ ಕೋರಿಕೆಯಂತೆ ರಾಮ ಬಿಲ್ಲಿನ ತುದಿಯಿಂದ ಸೇತುವೆಯನ್ನು ಮುರಿದ ಜಾಗವಂತೆ. ಬೌದ್ಧ ದಾರ್ಶನಿಕ ನಾಗಾರ್ಜುನನ ‘ಚತುಷ್ಕೋಟಿ’ಯಲ್ಲಿರುವುದು ವಾದದ ನಾಲ್ಕು ಮೂಲೆಗಳು: ಇದೆ, ಇಲ್ಲ, ಇದ್ದೂ ಇಲ್ಲ, ಎರಡೂ ಅಲ್ಲ. ಇಲ್ಲಿಂದ ‘ಪಂಗಡ’, ‘ದರ್ಜೆ’ ಎಂಬ ಅರ್ಥಕ್ಕೆ ದಾರಿ ದೂರವಿಲ್ಲ. ‘ಉಚ್ಚ ಕೋಟಿಯ ವಿದ್ವಾಂಸ’ ಎನ್ನುವಾಗ ಇರುವುದು ಅದೇ. ಫಾರ್ವರ್ಡ್ ಬರೆದವರು ನಿಘಂಟಿನಿಂದ ಸುಳ್ಳು ಹೇಳಿಸಿಲ್ಲ. ಅರ್ಥವನ್ನು ಸಲ್ಲದ ಕಡೆ ಅಂಟಿಸಿದ್ದಾರೆ, ಅಷ್ಟೆ.

ಸಲ್ಲದು ಏಕೆಂದರೆ, ಪುರಾಣ ಕೋಟಿ ಎಂದಾಗ ಎಣಿಸುತ್ತಲೇ ಇರುತ್ತದೆ. ಲೋಕದ ತೀರ್ಥಗಳು ಮೂರೂವರೆ ಕೋಟಿ ಎನ್ನುತ್ತದೆ ಮತ್ಸ್ಯಪುರಾಣ. ಕೋಟಿ ಎಂದರೆ ಬಗೆಯಾದರೆ ಅರ್ಧ ಬಗೆಯ ತೀರ್ಥ ಯಾವುದು? ಮುಕ್ಕೋಟಿ ದ್ವಾದಶಿಯನ್ನು ಮೂರು ಬಗೆಯ ದ್ವಾದಶಿ ಎಂದು ಯಾರೂ ಅರ್ಥ ಮಾಡುವುದಿಲ್ಲ. ಕುಂದಾಪುರದ ಬಳಿಯ ಕೋಟೇಶ್ವರದಲ್ಲಿ ದೇವರು ಕೋಟಿಲಿಂಗೇಶ್ವರ, ಕೆರೆ ಕೋಟಿತೀರ್ಥ; ಕೋಟಿ ಋಷಿಗಳು ತಪಸ್ಸು ಮಾಡಿದರು ಎಂಬುದು ಸ್ಥಳಪುರಾಣ. ಅಲ್ಲಿಯ ಜಾತ್ರೆ ಕೊಡಿ ಹಬ್ಬ. ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಹಿಡಿದು ಮನೆಗೆ ಹೋಗುತ್ತಾರೆ. ಕೊಡಿ ಅಂದರೆ ತುದಿ, ಚಿಗುರು. ಕೋಟಿಯ ಊರಿನಲ್ಲಿ ಕೊಡಿಯ ಹಬ್ಬ! ಕೋಲಾರ ಜಿಲ್ಲೆಯ ಕಮ್ಮಸಂದ್ರದಲ್ಲಿ 108 ಅಡಿಯ ಲಿಂಗದ ಸುತ್ತ ಭಕ್ತರು ಸಣ್ಣದು, ದೊಡ್ಡದು ಎನ್ನದೆ ಲಿಂಗ ಇಡಿಸುತ್ತ ಕೋಟಿ ತುಂಬಿಸಲು ಹೊರಟಿದ್ದಾರೆ. ‘ರಾಮಕೋಟಿ’ ಬರೆಯುವ ಅಜ್ಜಿಯನ್ನು ಕೇಳಿದರೆ ಕೋಟಿಯ ತೂಕ ತಿಳಿಯುತ್ತದೆ. ದಿನಕ್ಕೆ ಸಾವಿರ ಬಾರಿ ರಾಮನಾಮ ಬರೆದರೂ ಮುಗಿಯಲು ಹತ್ತು ಸಾವಿರ ದಿನ, ಎಂದರೆ ಇಪ್ಪತ್ತೇಳು ವರ್ಷಕ್ಕಿಂತ ಹೆಚ್ಚು. ‘ಒಂದು ಬಗೆ ಬರೆದರೆ ಸಾಕಿತ್ತು’ ಎಂದು ಆಕೆಗೆ ಹೇಳುವ ಧೈರ್ಯ ಯಾರಿಗಿದೆ?

ಗಣಿತದಲ್ಲಿ ಕೋಟಿಗೆ ಇನ್ನೊಂದು ಕೆಲಸವಿದೆ. ಲಂಬಕೋನ ತ್ರಿಭುಜದ ಒಂದು ಬಾಹು ಭುಜ, ಅದಕ್ಕೆ ಲಂಬವಾದದ್ದು ಕೋಟಿ, ಓರೆಯಾದದ್ದು ಕರ್ಣ. 1150ರ ಸುಮಾರಿನ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಈ ಮೂರೂ ಸಿಗುತ್ತವೆ. ವೃತ್ತದ ತುಂಡು ಬಿಲ್ಲು, ಅದಕ್ಕೆ ಕಟ್ಟಿದ ಗೆರೆ ಜ್ಯಾ, ಎಂದರೆ ಹೆದೆ. ಈಗಿನವರು ಕೊಸೈನ್ ಎನ್ನುವುದು ಆಗ ಕೋಟಿಜ್ಯಾ. ಇಲ್ಲಿ ಇನ್ನೊಂದು ಫಾರ್ವರ್ಡ್ ಹುಟ್ಟಿದೆ: ‘ಕೋಟಿಜ್ಯಾ’ವೇ ಬಾಯಿ ತಿರುಗಿ ‘ಕೊಸೈನ್’ ಆಯಿತಂತೆ. ಆಗಲಿಲ್ಲ. ‘ಕೋ’ ಲ್ಯಾಟಿನ್ನಿನದು, ಪೂರಕ ಕೋನದ ಸೈನ್ ಎಂಬ ಅರ್ಥದಲ್ಲಿ 1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗುಂಟರ್ ಅದನ್ನು ಮೊಟಕು ಮಾಡಿ ಬಳಸಿದ. ನಿಜವಾದ ನಂಟು ‘ಸೈನ್’ನಲ್ಲಿದೆ. ಜ್ಯಾ, ಜೀವಾ ಎಂಬುದನ್ನು ಅರಬರು ‘ಜಿಬ’ ಎಂದು ಬರೆದುಕೊಂಡರು. ಸ್ವರ ಬರೆಯದ ಲಿಪಿಯಲ್ಲಿ ಅದನ್ನು ‘ಜೈಬ್’ ಎಂದು, ಎಂದರೆ ಮಡಿಲು, ಬಟ್ಟೆಯ ಮಡಿಕೆ ಎಂದು ಓದಿದ 12ನೇ ಶತಮಾನದ ಲ್ಯಾಟಿನ್ ಅನುವಾದಕರು ‘ಸೈನಸ್’ ಮಾಡಿದರು. ಹೆಮ್ಮೆ ಪಡಲು ಈ ನಿಜವೇ ಇರುವಾಗ ಕೊಸೈನಿನ ಕತೆ ಕಟ್ಟಿದ್ದೇಕೋ!

ದೇವತೆಗಳ ವಿಷಯದಲ್ಲೂ ಹೀಗೇ ಆಗಿದೆ. ಗೇಲಿಗೆ ಹೆದರಿ ಪುರಾಣದ ಕೋಟಿಯನ್ನು ಕುಗ್ಗಿಸಬೇಕಾಗಿಲ್ಲ, ವೇದದ 33ಕ್ಕೆ ಕೋಟಿ ಸೇರಿಸಿ ಆಮೇಲೆ ಅದಕ್ಕೆ ಬೇರೆ ಅರ್ಥ ಹೇಳಬೇಕಾಗಿಯೂ ಇಲ್ಲ. ವೇದದ ಮಾತಾದರೆ 33 ಎಂದರೆ ಮುಗಿಯಿತು. ಪುರಾಣದ, ಜಾತ್ರೆಯ, ಕ್ಯಾಲೆಂಡರಿನ ಮಾತಾದರೆ ಕೋಟಿ ಎಂದರೆ ನೂರು ಲಕ್ಷವೇ. ಮುಂದಿನ ಬಾರಿ ಆ ಸಂದೇಶ ಬಂದಾಗ ಇನ್ನೊಬ್ಬರಿಗೆ ದಾಟಿಸುವ ಮುಂಚೆ ಬೃಹದಾರಣ್ಯಕದ ಮೂರನೆಯ ಅಧ್ಯಾಯದ ಒಂಬತ್ತನೆಯ ಬ್ರಾಹ್ಮಣವನ್ನು ತೆರೆದು ನೋಡಿ. ಶಾಕಲ್ಯನ ಪ್ರಶ್ನೆ ಮೊದಲ ಸಾಲಿನಲ್ಲೇ ಇದೆ.