ರೇವಾ ಮೊದಲು, ನೀತಿ ಆಮೇಲೆ

ಹೆಬ್ಬಾಳದ ಜಾಮಲ್ಲಿ ಹಸಿರು ನಂಬರ್ ಪ್ಲೇಟು ಕಂಡಾಗೆಲ್ಲ ನನಗೆ ರೇವಾ ನೆನಪಾಗುತ್ತೆ. 1990ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ದೊಡ್ಡ ಕಾರು ಕಂಪನಿಗಳಿಗೆ, ಹೊಗೆಯುಗುಳದ ಕಾರುಗಳನ್ನೂ ಮಾರಲೇಬೇಕು ಅಂತ ಕಟ್ಟಪ್ಪಣೆ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು, ನಿಯಮ ಸಡಿಲವಾಯ್ತು. ಜನರಲ್ ಮೋಟಾರ್ಸ್ ತನ್ನ ಇವಿ1 ಕಾರುಗಳನ್ನು ವಾಪಸ್ ಪಡೆದು ಬಹುಪಾಲನ್ನು ಜಜ್ಜಿ ಗುಜರಿಗೆ ಹಾಕಿತು.

ಅಲ್ಲಿನದೇ ಅಮೆರಿಗಾನ್ ಕಂಪನಿ ಜತೆ 1994ರಲ್ಲಿ ಕೈಜೋಡಿಸಿದ್ದ ನಮ್ಮ ಬೆಂಗಳೂರಿನ ಮೈನಿ ಕುಟುಂಬ 2001ರಲ್ಲಿ ರೇವಾ ಕಾರನ್ನು ರಸ್ತೆಗಿಳಿಸಿತು. ಇಲ್ಲಿ ಕೊಳ್ಳೋರು ಕಮ್ಮಿ. ಲಂಡನ್ನಿನಲ್ಲಿ ಗಿರಾಕಿ ಸಿಕ್ಕರು, ಯಾಕಂದ್ರೆ 2003ರಲ್ಲಿ ಅಲ್ಲಿ ಶುರುವಾದ ದಟ್ಟಣೆ ಶುಲ್ಕ ಎಲೆಕ್ಟ್ರಿಕ್ ಕಾರಿಗೆ ಇರಲಿಲ್ಲ. 2010ರಲ್ಲಿ ರೇವಾ ಮಹೀಂದ್ರಾ ಪಾಲಾಯ್ತು. ಕರ್ನಾಟಕದ ಇವಿ ನೀತಿ ಬಂದಿದ್ದು 2017ರಲ್ಲಿ.

ಕಾರು ನಮ್ಮೂರಲ್ಲೇ ಹುಟ್ಟಿತ್ತು. ಕಾನೂನು ಮಾತ್ರ ತಡವಾಗಿ ಬಂತು.