ಪೆನ್‌ಮಾಖ್ನೊ ಕಣಿವೆಯ ಕಲ್ಲುಗಳು ಮತ್ತು ಒಂದು ಒಕ್ಕಲಮನೆ

ವೇಲ್ಸ್ ನೋಡಲು ಹೋದವರು ಸಾಮಾನ್ಯವಾಗಿ ಕೋಟೆಗಳನ್ನು ನೋಡಿ ಬರುತ್ತಾರೆ. ಕಾನ್ವಿ, ಕೆರ್ನಾರ್ವನ್, ಹಾರ್ಲೆಕ್ ಈ ಮೂರನ್ನೂ ಕಟ್ಟಿಸಿದವನು ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್. ವೇಲ್ಸನ್ನು ಗೆದ್ದುಕೊಂಡು, ಅಲ್ಲಿಯ ಜನರನ್ನು ಹದ್ದುಬಸ್ತಿನಲ್ಲಿಡಲು 1283ರಿಂದ ಎಬ್ಬಿಸಿದ ಗೋಡೆಗಳವು. ವೇಲ್ಸ್ ಜನರ ಸ್ವಂತ ಚರಿತ್ರೆ ಬೇಕೆನ್ನುವವರು ಕೋಟೆಗಳನ್ನು ಬಿಟ್ಟು ಒಳನಾಡಿನ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಸೀಮೆ) ಒಂದಕ್ಕೆ ಹೋಗಬೇಕು. ನನ್ನನ್ನು ಕೇಳಿದರೆ ಪೆನ್‌ಮಾಖ್ನೊ ಎನ್ನುತ್ತೇನೆ.

ಉತ್ತರ ವೇಲ್ಸಿನ ಗುಡ್ಡಗಾಡಿನಲ್ಲಿ, ಬೆಟುಸ್-ಅ-ಕೋಯ್ಡ್ ಪೇಟೆಯಿಂದ ದಕ್ಷಿಣಕ್ಕೆ ಕೆಲವೇ ಮೈಲಿ ಹೋದರೆ ಈ ಊರು ಸಿಗುತ್ತದೆ. ಮಾಖ್ನೊ ಎಂಬ ಸಣ್ಣ ಹೊಳೆ ಊರ ನಡುವೆ ಹರಿದು ಮುಂದೆ ಕಾನ್ವಿ ನದಿಯನ್ನು ಸೇರುತ್ತದೆ. ಕಲ್ಲಿನ ಗೋಡೆ, ಸ್ಲೇಟಿನ ಮಾಡು, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಹತ್ತೊಂಬತ್ತನೇ ಶತಮಾನದಲ್ಲಿ ಕಣಿವೆಯ ಮೇಲ್ತುದಿಯ ರಿಯುಬಾಖ್, ಕುಮ್ ಮಾಖ್ನೊ ಗಣಿಗಳಲ್ಲಿ ಸ್ಲೇಟು ಒಡೆಯುವ ಕೆಲಸ ಜೋರಾಗಿದ್ದಾಗ ಬೆಳೆದ ಊರು ಇದು. ಗಣಿಗಳು ಮುಚ್ಚಿ ಕಾಲವಾಯಿತು. ಹೊಳೆಯ ಕೆಳಹರಿವಿನಲ್ಲಿ ಹುಲ್ಲು ಬೆಳೆದ ಕಮಾನುಸೇತುವೆ ಒಂದಿದೆ. ಅದಕ್ಕೆ ‘ರೋಮನ್ ಸೇತುವೆ’ ಎಂದು ಹೆಸರು ಬಿದ್ದಿದ್ದರೂ ಅದು ರೋಮನ್ನರ ಕಾಲಕ್ಕಿಂತ ಎಷ್ಟೋ ಈಚಿನದು.

ರೋಮಿನ ನಿಜವಾದ ಗುರುತು ಬೇಕೆಂದರೆ ಸಂತ ಟುಡ್‌ಕ್ಲಿಡ್ ಚರ್ಚಿನ ಒಳಗೆ ಹೋಗಬೇಕು. ಕಟ್ಟಡ ಹತ್ತೊಂಬತ್ತನೇ ಶತಮಾನದ್ದು, ಹೊರಗಿನಿಂದ ನೋಡಿದರೆ ಅಂಥ ವಿಶೇಷವೇನೂ ಕಾಣುವುದಿಲ್ಲ. ಒಳಗೆ ಮಾತ್ರ ಐದು-ಆರನೇ ಶತಮಾನದ ಶಾಸನಗಲ್ಲುಗಳಿವೆ. ಒರಟು ಕಲ್ಲಿನ ಮೇಲೆ ಉಳಿಯಿಂದ ಕುಟ್ಟಿ ಕೆತ್ತಿದ ಲ್ಯಾಟಿನ್ ಅಕ್ಷರಗಳು, ಸಾಲುಗಳು ಒಂದರ ಕೆಳಗೊಂದು ಓರೆಕೋರೆಯಾಗಿ ಇಳಿದಿವೆ. ಒಂದರ ತಲೆಯಲ್ಲಿ ಗ್ರೀಕಿನ ಖೀ ಮತ್ತು ರೋ ಅಕ್ಷರಗಳನ್ನು ಹೆಣೆದ ಕ್ರಿಸ್ತನ ಚಿಹ್ನೆ ಇದೆ. ಅದರ ಕೆಳಗೆ, ಕರಾಸಿಯಸ್ ಎಂಬವನು ಈ ಕಲ್ಲುಗುಪ್ಪೆಯಲ್ಲಿ ಮಲಗಿದ್ದಾನೆ ಎಂಬ ಒಕ್ಕಣೆ. ವಿಭಕ್ತಿ ತಪ್ಪಿದೆ. ಮೇಷ್ಟರ ಬಳಿ ಕುಳಿತು ಕಲಿತ ಲ್ಯಾಟಿನ್ ಅದಲ್ಲ, ಬಾಯಿಂದ ಬಾಯಿಗೆ ಬಂದದ್ದು. ಅಂಥ ತಪ್ಪಿನಿಂದಲೇ ಗೊತ್ತಾಗುತ್ತದೆ, ಆ ಭಾಷೆ ಇಲ್ಲಿ ಇನ್ನೂ ಜನರ ನಾಲಗೆಯ ಮೇಲಿತ್ತು ಎಂದು.

ಎರಡನೆಯದು ಕ್ಯಾಂಟಿಯೊರಿಕ್ಸ್ ಎಂಬವನ ಸಮಾಧಿಗಲ್ಲು. ಅವನು ಗ್ವಿನೆದ್ ನಾಡಿನ ಪ್ರಜೆ, ಮ್ಯಾಗ್ಲಸ್ ಎಂಬ ಅಧಿಕಾರಿಯ ದಾಯಾದಿ ಎಂದು ಬರೆದಿದೆ. ರೋಮಿನ ಆಡಳಿತ ಬ್ರಿಟನ್ ಬಿಟ್ಟು ಹೋದದ್ದು 410ರ ಸುಮಾರಿಗೆ. ಪಡೆಗಳು ಹೋದವು, ತೆರಿಗೆ ವಸೂಲಿಯವರು ಹೋದರು. ಆದರೂ ಹಲವು ತಲೆಮಾರು ಕಳೆದ ಮೇಲೆ ಈ ಗುಡ್ಡಗಾಡಿನವರು ಸತ್ತವನ ಹೆಸರಿನ ಜೊತೆ ‘ಪ್ರಜೆ’ ಎಂಬ ರೋಮನ್ ಮಾತನ್ನೇ ಬರೆಸಿದರು, ಅಧಿಕಾರಿಯನ್ನು ಕರೆಯಲೂ ರೋಮನ್ ಪದವನ್ನೇ ಇಟ್ಟುಕೊಂಡರು. ಗ್ವಿನೆದ್ ಎಂಬ ಹೆಸರಿಗೆ ಸಿಕ್ಕಿರುವ ತೀರಾ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಇನ್ನೊಂದು ತುಂಡುಗಲ್ಲು ಚರ್ಚಿನ ಹತ್ತಿರದ ಹೋಟೆಲೊಂದರ ತೋಟದ ಗೋಡೆಯಲ್ಲಿ ಸಿಕ್ಕಿತು. ಅದರಲ್ಲಿರುವುದು ಕಾನ್ಸಲ್ ಜಸ್ಟಿನಸ್‌ನ ಕಾಲದ ಉಲ್ಲೇಖ ಎಂದು ವಿದ್ವಾಂಸರು ಓದುತ್ತಾರೆ. ರೋಮನ್ನರು ವರ್ಷವನ್ನು ಆ ವರ್ಷದ ಕಾನ್ಸಲ್ ಎಂಬ ಅಧಿಕಾರಿಯ ಹೆಸರಿನಿಂದ ಗುರುತಿಸುತ್ತಿದ್ದರು. ಹಾಗಾದರೆ ಅದು ಕ್ರಿ.ಶ. 540. ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆ ವರ್ಷದ ಕಾನ್ಸಲ್ ಯಾರು ಎಂಬುದು ಈ ಕಣಿವೆಯವರಿಗೆ ಗೊತ್ತಿತ್ತು. ಯಾವ ಹಡಗಿನಲ್ಲಿ, ಯಾವ ಬಂದರಿನ ಮೂಲಕ, ಯಾರ ಬಾಯಲ್ಲಿ ಆ ಸುದ್ದಿ ಬಂತೋ! ಮೂಲೆಯ ಹಳ್ಳಿ ಎಂದು ನಾವು ತಳ್ಳಿಹಾಕುವ ಜಾಗಗಳಿಗೆ ದೊಡ್ಡ ಲೋಕದ ಸಂಪರ್ಕ ಎಷ್ಟು ಹಿಂದಿನದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಗುಡ್ಡದ ಆಚೆಗೆ ನೆರೆಯ ಪ್ಯಾರಿಷ್ ಡೊಲ್ವಿದೆಲನ್. ಅಲ್ಲಿಯ ಸಂತ ಗ್ವಿದೆಲನ್ ಚರ್ಚು ಹದಿನಾರನೇ ಶತಮಾನದ ಆರಂಭದ್ದು. ತಗ್ಗು ಮಾಡು, ಕತ್ತಲು ಒಳಾಂಗಣ, ಮಾಡಿನ ಮರದಲ್ಲಿ ಕೆತ್ತಿದ ಪುಟ್ಟ ಡ್ರ್ಯಾಗನ್, ಗೋಡೆಯಲ್ಲಿ ಹಿತ್ತಾಳೆ ಫಲಕ. ಫಲಕದಲ್ಲಿ ಕವಚ ತೊಟ್ಟು ಮಂಡಿಯೂರಿ ಕೈಮುಗಿದಿರುವವನೇ ಚರ್ಚು ಕಟ್ಟಿಸಿದ ಮರೆದಿದ್ ಅಪ್ ಯೆಯಾನ್, 1525ರಲ್ಲಿ ತೀರಿಕೊಂಡವನು. ಅವನು ಹುಟ್ಟಿದ್ದು ಪಶ್ಚಿಮದ ಎಯ್ವಿಯೊನಿದ್ ಸೀಮೆಯಲ್ಲಿ. ಅಲ್ಲಿ ದಾಯಾದಿಗಳ ನಡುವೆ ಕೊಲೆಗೆ ಕೊಲೆ ನಡೆಯುತ್ತಿತ್ತು. ಅಲ್ಲೇ ಇದ್ದರೆ ಸ್ವಂತದವರನ್ನು ಕೊಲ್ಲಬೇಕು, ಇಲ್ಲವೇ ಅವರ ಕೈಯಲ್ಲಿ ಸಾಯಬೇಕು ಎಂದು ಊರು ಬಿಟ್ಟು ಬಂದು ಡೊಲ್ವಿದೆಲನ್ ಕೋಟೆಯನ್ನು ಗುತ್ತಿಗೆ ಹಿಡಿದ. ಇಲ್ಲೂ ಕಳ್ಳಕಾಕರ ಕಾಟ ಕಡಿಮೆಯಿರಲಿಲ್ಲ. ಹಳೆಯ ಚರ್ಚನ್ನು ಬಿಟ್ಟು ಬಯಲು ಜಾಗದಲ್ಲಿ ಹೊಸದು ಕಟ್ಟಿಸಿದ. ಭಾನುವಾರ ಬಿಲ್ಲುಗಾರರ ಕಾವಲಿನಲ್ಲಿ ಪ್ರಾರ್ಥನೆಗೆ ಬರುತ್ತಿದ್ದ. ಆ ಹೊತ್ತಿಗೆ ಮನೆಯೂ ಚರ್ಚೂ ಎರಡೂ ಕಾಣುವ ಬಂಡೆಯ ಮೇಲೆ ಒಬ್ಬ ಆಳು ನಿಂತಿರಬೇಕು. ಇದನ್ನೆಲ್ಲ ಬರೆದಿಟ್ಟವನು ಅವನ ಮರಿಮಗ ಸರ್ ಜಾನ್ ವಿನ್. ದೇವರ ಮುಂದೆ ಮಂಡಿಯೂರುವಾಗಲೂ ಕವಚ ಕಳಚದ ಆ ಚಿತ್ರ ಬರೀ ಅಲಂಕಾರಕ್ಕೆ ಬಿಡಿಸಿದ್ದು ಎಂದು ಅನ್ನಿಸುವುದೇ ಇಲ್ಲ.

ಮರೆದಿದ್ ಮುಂದೆ ಲಾನ್‌ರೂಸ್ಟ್ ಪೇಟೆಯ ಬಳಿಯ ಗ್ವಿಡಿರ್ ಜಮೀನು ಕೊಂಡು ದೊಡ್ಡ ಬಂಗಲೆ ಕಟ್ಟಿಸಿದ. ಅವನ ವಂಶದವರೇ ಸುತ್ತಲಿನ ಸೀಮೆಯ ಧಣಿಗಳಾದರು. ಪೆನ್‌ಮಾಖ್ನೊ ಪ್ಯಾರಿಷ್‌ನ ವಿಬರ್ನಾಂಟ್ ಎಂಬ ಒಳಗಣಿವೆಯಲ್ಲಿ ಅವರ ಒಕ್ಕಲೊಂದಿತ್ತು. ಅದೇ ಟೀ ಮೌರ್, ಎಂದರೆ ದೊಡ್ಡಮನೆ. ಹೆಸರಿಗೆ ದೊಡ್ಡಮನೆ, ನೋಡಲು ಸಾಧಾರಣ ರೈತನ ಮನೆ. ದಪ್ಪ ಕಲ್ಲುಗೋಡೆ, ಸಣ್ಣ ಕಿಟಕಿ, ಅಗಲವಾದ ಒಲೆ, ಒಲೆಯ ಮೇಲೆ ಅಡ್ಡಲಾಗಿ ಒಂದೇ ಮರದ ದಪ್ಪ ತೊಲೆ. ದನ ಹೊಡೆದುಕೊಂಡು ಹೋಗುವವರ ಹಳೆಯ ದಾರಿ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. 1545ರ ಸುಮಾರಿಗೆ ಇಲ್ಲಿ ಹುಟ್ಟಿದ ಹುಡುಗ ವಿಲಿಯಂ ಮಾರ್ಗನ್. ಧಣಿಗಳ ಮಕ್ಕಳ ಜೊತೆ ಗ್ವಿಡಿರ್‌ನಲ್ಲಿ ಓದಿ, 1565ರಲ್ಲಿ ಕೇಂಬ್ರಿಜ್ ಸೇರಿ, ಹೀಬ್ರೂ, ಗ್ರೀಕ್ ಕಲಿತು ಪಾದ್ರಿಯಾದ. ಇಡೀ ಬೈಬಲನ್ನು ವೇಲ್ಸ್ ಜನರ ಭಾಷೆಯಾದ ವೆಲ್ಷ್‌ಗೆ ತಂದ. ಅದು 1588ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಅದರ ಬೆಲೆ ತಿಳಿಯಬೇಕಾದರೆ ಆ ಕಾಲದ ಕಾನೂನು ನೆನಪಿರಬೇಕು. ಕೋರ್ಟು ಕಚೇರಿಗಳಿಗೆ ಇಂಗ್ಲಿಷೇ ಭಾಷೆ, ವೆಲ್ಷ್ ಮಾತ್ರ ಬಲ್ಲವನಿಗೆ ಸರ್ಕಾರಿ ಹುದ್ದೆ ಇಲ್ಲ ಎಂದು 1536ರಲ್ಲೇ ಇಂಗ್ಲೆಂಡಿನ ಪಾರ್ಲಿಮೆಂಟು ಕಟ್ಟಳೆ ಮಾಡಿತ್ತು. ಅದೇ ಪಾರ್ಲಿಮೆಂಟು 1563ರಲ್ಲಿ ಬೈಬಲಿನ ವೆಲ್ಷ್ ಅನುವಾದಕ್ಕೆ ಒಪ್ಪಿಗೆ ಕೊಟ್ಟಿತು. ಹೊಸ ಒಡಂಬಡಿಕೆ 1567ರಲ್ಲಿ ವಿಲಿಯಂ ಸಾಲ್ಸ್‌ಬರಿ ಮತ್ತು ಜೊತೆಯವರಿಂದ ಬಂದಿತ್ತಾದರೂ, ಅದರ ಕಾಗುಣಿತ ಓದುವ ಪಾದ್ರಿಗಳನ್ನೇ ತಡವರಿಸುವಂತೆ ಮಾಡುತ್ತಿತ್ತು. ಮಾರ್ಗನ್ ಅದನ್ನು ತಿದ್ದಿದ, ಉಳಿದದ್ದನ್ನು ಪೂರ್ತಿ ಮಾಡಿದ. ಕಚೇರಿಯಿಂದ ಹೊರಗಟ್ಟಿದ ಭಾಷೆ ಹೀಗೆ ವಾರಕ್ಕೊಮ್ಮೆ ಪ್ರತಿ ಪ್ಯಾರಿಷ್‌ನಲ್ಲೂ ಗಟ್ಟಿ ದನಿಯಲ್ಲಿ ಕೇಳತೊಡಗಿತು. ಪಂಡಿತರ, ಕವಿಗಳ ಬಿಗಿಯಾದ ವೆಲ್ಷ್ ಕುರಿ ಕಾಯುವವನ ಕಿವಿಗೂ ಬಿತ್ತು. ವೆಲ್ಷ್ ಭಾಷೆ ನೂರಾರು ಆಡುಮಾತುಗಳಾಗಿ ಒಡೆದು ಹೋಗದಂತೆ ಹಿಡಿದು ನಿಲ್ಲಿಸಿದ ಒಂದು ಪುಸ್ತಕ ಯಾವುದೆಂದರೆ ಇದೇ. ಆ ಕೆಲಸ ಮಾಡಿದವನು ಗೇಣಿದಾರನ ಮಗ ಎಂಬುದು ನನಗೆ ಈ ಕಣಿವೆಯ ಅತಿ ದೊಡ್ಡ ಸಂಗತಿ.

ಧಣಿ ಮತ್ತು ಒಕ್ಕಲಿನ ಸಂಬಂಧ ಅಲ್ಲಿಗೆ ಮುಗಿಯಲಿಲ್ಲ. ಮಾರ್ಗನ್ 1601ರಲ್ಲಿ ಸೇಂಟ್ ಆಸಫ್‌ನ ಬಿಷಪ್ ಆದ. ಲಾನ್‌ರೂಸ್ಟ್ ಚರ್ಚಿನ ದಶಮಾಂಶದ ಆದಾಯವನ್ನು ಗುತ್ತಿಗೆಗೆ ಕೊಡು ಎಂದು ಸರ್ ಜಾನ್ ವಿನ್ ಒತ್ತಾಯ ಮಾಡಿದ. ಅದು ಚರ್ಚಿನ ದುಡ್ಡು, ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದು ಬಿಷಪ್ ಕೊಡಲಿಲ್ಲ. ನಮ್ಮ ಮನೆಯ ಉಪ್ಪು ತಿಂದವನು ಎಂಬ ಧಾಟಿಯಲ್ಲಿ ಧಣಿಯ ಕಾಗದಗಳು ಹೋದವು. ಬಿಷಪ್ ಜಗ್ಗಲಿಲ್ಲ. 1604ರಲ್ಲಿ ತೀರಿಕೊಂಡ.

ಟೀ ಮೌರ್ ಈಗ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿದೆ. ಬೈಬಲಿಗೆ 400 ವರ್ಷ ತುಂಬಿದ 1988ರಲ್ಲಿ ಮನೆಯನ್ನು ಹಳೆಯ ರೂಪಕ್ಕೆ ತಂದು ಜನರಿಗೆ ತೆರೆದರು. 1588ರ ಮೂಲ ಮುದ್ರಣದ ಪ್ರತಿಯೊಂದು ಅಲ್ಲಿದೆ, ಜಗತ್ತಿನ ನಾನಾ ಭಾಷೆಗಳ ಬೈಬಲುಗಳ ಸಂಗ್ರಹವೂ ಇದೆ. ಪೆನ್‌ಮಾಖ್ನೊ ಊರ ಚರ್ಚು ಕೆಲ ಕಾಲ ಮುಚ್ಚಿತ್ತು, ಆಮೇಲೆ ಮತ್ತೆ ತೆರೆಯಿತು. ಇಂಥ ಕಟ್ಟಡಗಳನ್ನು ಕೊನೆಗೂ ಉಳಿಸಬೇಕಾದವರು ಊರವರೇ. ಊರಲ್ಲಿ ಜನ ಇರಬೇಕಾದರೆ ಉದ್ಯೋಗ ಬೇಕು, ಕೈಗೆಟುಕುವ ಮನೆ ಬೇಕು. ಉತ್ತರ ವೇಲ್ಸಿನ ಚೆಂದದ ಹಳ್ಳಿಗಳಲ್ಲಿ ಎಷ್ಟೋ ಮನೆಗಳು ಹೊರಗಿನವರ ರಜಾಮನೆಗಳಾಗಿವೆ. ಊರವರ ಜೊತೆಗೇ ಅವರ ಭಾಷೆಯ ಪ್ರಶ್ನೆಯೂ ಇದೆ: 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲೆವು ಎಂದವರು ವೇಲ್ಸಿನ ಜನರಲ್ಲಿ ಶೇ. 17.8, ಸುಮಾರು 5,38,000 ಮಂದಿ.

ಆ ಕಡೆ ಹೋಗುವವರಿದ್ದರೆ ಕಾನ್ವಿ ಕೋಟೆಗೆ ಅರ್ಧ ದಿನ ಸಾಕು, ಉಳಿದರ್ಧವನ್ನು ಪೆನ್‌ಮಾಖ್ನೊಗೆ ಇಡಿ. ಚರ್ಚೂ ಟೀ ಮೌರ್ ಮನೆಯೂ ದಿನವೂ ತೆರೆದಿರುತ್ತವೆ ಎಂದುಕೊಳ್ಳದೆ, ತೆರೆಯುವ ದಿನ ವಿಚಾರಿಸಿಕೊಂಡು ಹೊರಡಿ. ವಿಬರ್ನಾಂಟ್‌ನ ಕಾಡುರಸ್ತೆ ಬಹಳ ಕಿರಿದು, ಎದುರಿಂದ ಗಾಡಿ ಬಂದರೆ ಹಿಂದೆ ಸರಿಯಬೇಕಾಗುತ್ತದೆ. ಸಾಧ್ಯವಾದರೆ ನಡೆದೇ ಹೋಗಿ.